ಸ್ಮಶಾನದ ಕಚೇರಿಯಲ್ಲಿ, ತಾಲ್ತಾಲ್

ಬೆಳಿಗ್ಗೆ ಕಡಲ ಮಂಜು ಗೋಡೆ ಹತ್ತಿ ಬಂದು
ಶಿಲುಬೆಗಳ ತುದಿ ನೆಕ್ಕಿ ಹೋಗುತ್ತದೆ,
ಅಷ್ಟೇ ಇಲ್ಲಿನ ಮಳೆ.
ಹೂ ಬೆಳೆಯದ ಊರು. ಸತ್ತವರಿಗೆ ತಗಡಿನ ಹೂವು,
ಎಣ್ಣೆ ಡಬ್ಬಿ ಕತ್ತರಿಸಿ, ಬಣ್ಣ ಹಚ್ಚಿದ್ದು.

ಗೇಟಿನ ಪಕ್ಕದ ಕೋಣೆ ನನ್ನದು,
ನಾಲ್ಕು ಸಾವಿರದ ಇನ್ನೂರ ಹದಿನಾರು ಜನರ
ವಿಳಾಸ ಹೇಳುವ ಕೆಲಸ.
ಸೋಮವಾರ ಎಡೆಲ್ಮಿರಾ ಬಂದಳು, ಇಕೀಕೆಯಿಂದ,
ರಾತ್ರಿಯಿಡೀ ಬಸ್ಸಿನಲ್ಲಿ, ಮಡಿಲಲ್ಲಿ ಒಂದು ಕೆಂಪು ಹೂವು.
"ನನ್ನ ಅಣ್ಣ. ಒನೋಫ್ರೆ ಮುನ್ಯೋಸ್. ಗಣಿಯವನು."
ಹೆಸರು ಒತ್ತಿದೆ. ಪರದೆ ಹೇಳಿತು:
ನಿಮ್ಮ ಪರವಾನಗಿಯ ಅವಧಿ ಮುಗಿದಿದೆ.

"ಯಾರದು ಮುಗಿದಿದೆ?" ಅಂದಳು ಮುದುಕಿ.
ಇಲ್ಲಿ ಗೋಡೆಯ ಗೂಡುಗಳಿಗೂ ಅವಧಿಯುಂಟು,
ಬಾಡಿಗೆ ಕಟ್ಟದಿದ್ದರೆ ಎಲುಬು ತೆಗೆದು ಎಲ್ಲರ ಗುಂಡಿಗೆ.
ಅವಳ ಕೈ ಆಗಲೇ ಪರ್ಸಿನೊಳಗಿತ್ತು.
ನಿಮ್ಮದಲ್ಲ ತಾಯಿ, ನಮ್ಮದು,
ಎನ್ನುವಷ್ಟರಲ್ಲಿ ಬೆವತುಹೋದೆ.

ಸಾಂತಿಯಾಗೊಗೆ ಫೋನು ಮಾಡಿದೆ. ಸಂಗೀತ ಕೇಳಿಸಿದರು.
ನಮಗೆ ಮಾರಿದ ಕಂಪನಿಯನ್ನು ಇನ್ನೊಂದು ಕೊಂಡಿತ್ತಂತೆ,
ಅದನ್ನು ಮತ್ತೊಂದು;
ಹೂಳಿದವರು ನಾವು, ಬರೆದಿಟ್ಟವರು ನಾವು,
ಬೀಗದಕೈ ಯಾರ ಸೊಂಟದಲ್ಲಿದೆಯೋ
ಅವರಿಗೂ ಗೊತ್ತಿರಲಿಲ್ಲ.

ಗುಂಡಿ ತೋಡುವ ಹೆರ್ವಾಸಿಯೊ ಗುದ್ದಲಿ ಗೋಡೆಗೊರಗಿಸಿ
"ಬಾರಮ್ಮ" ಎಂದ. ಅವನಿಗೆಲ್ಲ ಬಾಯಿಪಾಠ:
ಪಾದ್ರಿಯಿಂದ ಹನ್ನೊಂದು ಹೆಜ್ಜೆ,
ಅವಳಿಮಕ್ಕಳ ಹತ್ತಿರ ಎಡಕ್ಕೆ,
ಆಮೇಲೆ ನಿಂತ.
ಅಕ್ಕಪಕ್ಕ ಎರಡು ದಿಬ್ಬ. ಎರಡರ ಹಲಗೆಯನ್ನೂ
ಉಪ್ಪುಗಾಳಿ ತಿಂದು ತೇಗಿತ್ತು.
ನಾನು ಇಲ್ಲಿಗೆ ಬಂದ ಒಂಬತ್ತು ವರ್ಷಗಳಲ್ಲಿ
ಅವನು ಬಾಯಿ ಕಟ್ಟಿ ನಿಂತದ್ದು ಅದೊಂದೇ ಸಲ.
ಎಡೆಲ್ಮಿರಾ ಹೂವನ್ನು ಎರಡರ ನಡುವೆ ಇಟ್ಟಳು.

ಆ ರಾತ್ರಿಯೇ ಶುರುಮಾಡಿದೆ.
ಹಳೆಯ ರಸೀದಿ ಪುಸ್ತಕ, ಹೆರ್ವಾಸಿಯೊನ ನೆನಪು,
ಮತ್ತೆ, ಎಲ್ಲೋ ತಾರ್ತು ಎಂಬ ಊರಿನವನೊಬ್ಬ ಬರೆದು
ಬೀದಿ ನಲ್ಲಿಯ ಹಾಗೆ ಬಿಟ್ಟ ಒಂದು ಪ್ರೋಗ್ರಾಮು.
ಹೊಟ್ಟೆ ಬಿಚ್ಚಿ ನೋಡಬಹುದಿತ್ತು, ನೋಡಿದೆ,
ಅರ್ಧ ಅರ್ಥವಾಗಲಿಲ್ಲ.
ಒಂದು ಕಡೆ ಅವನೇ ಬರೆದಿದ್ದ:
ಇದು ಹೇಗೆ ನಡೆಯುತ್ತಿದೆಯೋ ನಾ ಕಾಣೆ, ಮುಟ್ಟಬೇಡಿ.
ಅದನ್ನು ಓದಿ ನಂಬಿಕೆ ಬಂತು.

ಲೆಕ್ಕಿಗ ದೊನ್ ಅನ್ಸೆಲ್ಮೊ ಕನ್ನಡಕದ ಮೇಲಿಂದ ನೋಡಿ
"ಬಿಟ್ಟಿಯದು! ಕೆಟ್ಟರೆ ಯಾರ ಕುತ್ತಿಗೆ ಹಿಡಿಯಲಿ?"
ಬಿಟ್ಟಿಯದಲ್ಲ ಸ್ವಾಮಿ, ಬಿಟ್ಟುಕೊಟ್ಟದ್ದು, ಎಂದೆ.
ಮರುದಿನವೇ ಕೆಟ್ಟಿತು.
ನಮ್ಮದೊಂದು ಅಕ್ಷರಕ್ಕೆ ತಲೆಯ ಮೇಲೆ ಪುಟ್ಟ ಅಲೆಯಿದೆ,
ಅದನ್ನು ನುಂಗಲಾರದೆ, ಊರಿನ ಮುನ್ಯೋಸ್‌ಗಳೆಲ್ಲ,
ನೂರಾ ಮೂವತ್ತು ಜನ,
ಹೊಟ್ಟೆಯಲ್ಲೊಂದು ಪ್ರಶ್ನೆಚಿಹ್ನೆ ಹೊತ್ತು ಎದ್ದು ಕೂತರು.
ಅನ್ಸೆಲ್ಮೊ ಏನೂ ಅನ್ನಲಿಲ್ಲ. ಅನ್ನದೆಯೇ ನಕ್ಕ.
ತಾರ್ತುವಿಗೆ ಬರೆದೆ. ಆರನೆಯ ದಿನ ಉತ್ತರ:
"ಕ್ಷಮಿಸಿ, ಮಗುವಿಗೆ ಜ್ವರವಿತ್ತು.
ನೂರೆಂಟನೆಯ ಸಾಲನ್ನು ಹೀಗೆ ತಿದ್ದಿ ನೋಡಿ."
ತಿದ್ದಿದವಳು ನಾನು. ಈ ಕೈಯಿಂದಲೇ.

ಅಷ್ಟರಲ್ಲಿ ಅನ್ಸೆಲ್ಮೊ ಹಣ ಕಟ್ಟಿಬಿಟ್ಟಿದ್ದ.
ಬೀಗ ತೆರೆಯಿತು. ಮೊದಲು ಒನೋಫ್ರೆ ಹೆಸರು ಒತ್ತಿದೆ.
ಸಾಲು: ಖಾಲಿ.
ಸಂಖ್ಯೆ: ಖಾಲಿ.
ಇಷ್ಟು ವರ್ಷ ಕಾವಲು ಕಾದದ್ದು ಇದನ್ನೇ.

ಆ ಮನೆ ಅಂಕಿಯಲ್ಲದೆ ಬೇರೇನನ್ನೂ ಒಳಗೆ ಬಿಡುತ್ತಿರಲಿಲ್ಲ.
ನನ್ನದರಲ್ಲೂ ಅಂಥದೇ ಒಂದು ತಡೆಯಿತ್ತು, ಕಿತ್ತುಹಾಕಿ ಬರೆದೆ:
ಪಾದ್ರಿಯಿಂದ ಹನ್ನೊಂದು ಹೆಜ್ಜೆ. ಅವಳಿಗಳ ಹತ್ತಿರ ಎಡಕ್ಕೆ.
ಇಬ್ಬರಲ್ಲಿ ಒಬ್ಬ. ನಡುವೆ ಕೆಂಪು ತಗಡಿನ ಹೂವು.
ಗಾಳಿಗೆ ಹೂವು ಸರಿದರೆ, ಇದನ್ನೂ ತಿದ್ದಬೇಕು.