ಕೋಟುಗಳ ಮೇಲೆ

ಕಿಲ್‌ರಷ್ ಬಂದರಿನ ಪಬ್ಬಿನಲ್ಲಿ ಹನ್ನೊಂದು ಹೊಡೆಯಿತು.
ಒದ್ದೆ ಕೋಟುಗಳ ರಾಶಿಯ ಮೇಲೆ ಮೇವ್,
ಕೆನ್ನೆಗಂಟಿದ ಚಿಪ್ಸಿನ ಉಪ್ಪು,
ಆರು ತುಂಬಿಲ್ಲ ಇನ್ನೂ.

"ಕೂಸನ್ನು ಎತ್ತಿಕೊಂಡು ಮನೆಗೆ ಹೋಗೋ, ಕಾರ್ಮಾಕ್" ಎಂದೆ,
ಗ್ಲಾಸು ಒರೆಸುತ್ತ, ಅವನತ್ತ ನೋಡದೆ.
"ಮನೆಯಲ್ಲಿ ಯಾರಿದ್ದಾರೆ?" ಅಂದ.
ಪಿಟೀಲಿನವನು ಮತ್ತೊಂದು ಧಾಟಿ ಹಿಡಿದ.

ನಾನೂ ಮಲಗಿದವನೇ, ಇದೇ ಬೆಂಚಿನಲ್ಲಿ;
ಅಪ್ಪನ ನಗು ಕೇಳುತ್ತ ನಿದ್ದೆಹೋದದ್ದು
ಸುಖವೆಂದೇ ಹೇಳಿಕೊಂಡು ಬಂದಿದ್ದೇನೆ
ಮೂವತ್ತು ವರ್ಷ, ಕೇಳಿದವರಿಗೆಲ್ಲ.

ಜಾರಿದ ಕೋಟು ಹೊದಿಸಲು ಬಾಗಿದೆ.
ಮುಚ್ಚಿದ ರೆಪ್ಪೆ ಅದುರಿತು.
ನಿದ್ದೆಯಲ್ಲ.
ಕಾಲುಚೀಲದೊಳಗೆ ಗಟ್ಟಿಯಾಗಿ ಏನೋ:
ಕಾರಿನ ಕೀಲಿ.

ಕಾರ್ಮಾಕ್ ಜೇಬು ತಡಕುತ್ತಿದ್ದ.
"ಎಲ್ಲಿ ಹೋಯಿತು, ನೋಡಿದೆಯಾ?"
ಇಲ್ಲ ಎಂದೆ.
ಮೇವ್ ಒಂದು ಗೊರಕೆ ಹೊಡೆದಳು,
ತುಸು ಜೋರಾಗಿಯೇ.