ಮೂರು ಸಲ ಬೆಸೆದ ತಂತಿ

ಹೀಲಿಯಂ ದ್ರವವಾಗುವುದು ಗುರುವಾರ ಮಾತ್ರ.
ಅವತ್ತು ಲೈಡನ್ನಿನ ನಮ್ಮ ಕಟ್ಟಡದಲ್ಲಿ
ಯಾರೂ ಬಾಗಿಲು ಬಡಿಯುವುದಿಲ್ಲ.
ಬಡಿದರೆ ಅಳತೆಪಟ್ಟಿಯ ಮೇಲಿನ ಬೆಳಕಿನ ಚುಕ್ಕೆ
ಬೆಚ್ಚಿಬೀಳುತ್ತದೆ.
ಅದನ್ನು ಓದುವವನು ನಾನು.

ನಾನು, ಔಕೆ. ಹಾರ್ಲಿಂಗನ್ ಬಂದರಿನವನು.
ಗಾಜು ಊದಲು, ತಂತಿ ಬೆಸೆಯಲು
ಕಲಿಯಬಂದ ನೀಲಿಕೋಟಿನ ಹುಡುಗ.
ನನ್ನ ಫ್ರೀಸಿಯನ್ ನುಡಿ ಕೇಳಿ ಉಳಿದವರು ನಗುತ್ತಿದ್ದರು,
ಅಂಕಿಗಳನ್ನಷ್ಟೇ ಗಟ್ಟಿಯಾಗಿ ಹೇಳುತ್ತಿದ್ದೆ.

ಆ ಚಳಿಗಾಲ ಗಾಜಿನೊಳಗೆ ಇಳಿಸಿದ್ದು ಚಿನ್ನ.
ಕೂದಲೆಳೆಯ ತಂತಿ. ಅಪರಂಜಿ, ಅಂದರು
ಡಾಕ್ಟರ್ ಸ್ಲೋಟೆಮಾಕರ್, ಚಷ್ಮಾ ಒರೆಸಿಕೊಳ್ಳುತ್ತ:
‘ಬಿಸಿಯಲ್ಲಿ ಕಣಕಣವೂ ನಡುಗುತ್ತದೆ, ಎಲೆಕ್ಟ್ರಾನು ಎಡವುತ್ತದೆ.
ತಣಿಸುತ್ತ ಹೋಗು, ನಡುಕ ನಿಲ್ಲುತ್ತದೆ,
ದಾರಿ ತೆರವಾಗುತ್ತದೆ. ಆಮೇಲೆ ಸಮತಟ್ಟು.’

ಪಂಪು ದಡಬಡಿಸುತ್ತಿತ್ತು. ಕಾಲುವೆ ಹೆಪ್ಪುಗಟ್ಟಿತ್ತು.
ಇಪ್ಪತ್ತು ಡಿಗ್ರಿ, ಹದಿನಾಲ್ಕು, ಎಂಟು
(ಇವು ಶೂನ್ಯದ ತಳದಿಂದ ಎಣಿಸಿದ ಡಿಗ್ರಿಗಳು;
ಹೊರಗಿನ ಹಿಮ ಇವುಗಳ ಎದುರು ಒಲೆಯಂತೆ)
ಚುಕ್ಕೆ ಇಳಿಯಿತು, ಇಳಿಯಿತು,
ನಾಲ್ಕರ ಹತ್ತಿರ ನಿಂತಿತು.
ಮತ್ತೆ
ಏರಿತು. ಅಕ್ಕಿಕಾಳಿನಷ್ಟು.

‘ಬೆಸುಗೆ ಕೆಟ್ಟಿದೆ,’ ಅಂದರು.
ಅಂದರೆ ನನ್ನ ಕೈ ಕೆಟ್ಟಿದೆ.

ಮುಂದಿನ ಗುರುವಾರ ಉಸಿರು ಬಿಗಿಹಿಡಿದು ಬೆಸೆದೆ.
ಮತ್ತೆ ಅಕ್ಕಿಕಾಳು.
ಮೂರನೆಯ ಸಲ ಕೋಟು ಕಳಚಿ, ತೋಳು ಮಡಚಿ
ಅವರೇ ಬೆಸೆದರು.
ಏರಿತು.
ಕ್ಷಮೆ ಕೇಳಲಿಲ್ಲ. ತಮ್ಮ ಚೀಸು ಬ್ರೆಡ್ಡಿನ ಅರ್ಧ
ಮುರಿದು ನನ್ನ ಮುಂದಿಟ್ಟರು.
ದಾಖಲೆ ಪುಸ್ತಕದ ಅಂಚಿಗೆ ಪೆನ್ಸಿಲಿನಲ್ಲಿ
ನಾನೊಂದು ಪದ ಗೀಚಿದೆ.

ಆಮೇಲೆ ಯುದ್ಧ, ಹಸಿವು, ಟುಲಿಪ್ ಗೆಡ್ಡೆ ಬೇಯಿಸಿ ತಿಂದ ಚಳಿಗಾಲ,
ಮದುವೆ, ಎರಡು ಹೆರಿಗೆ, ನೂರಾರು ಗಾಜಿನ ಕೊಳವೆ.
ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಕ್ಯಾಂಟೀನಿನಲ್ಲಿ
ಹೆಸ್ಟರ್ ಎಂಬ ಹುಡುಗಿ ಹೇಳಿದಳು:

ಕೆಟ್ಟದ್ದು ಬೆಸುಗೆಯಲ್ಲ. ಚಿನ್ನದೊಳಗೆ ಕಬ್ಬಿಣವಿತ್ತು.
ಲಕ್ಷಕ್ಕೆ ಕೆಲವೇ ಕೆಲವು ಪರಮಾಣು,
ಒಂದೊಂದೂ ಪುಟ್ಟ ಆಯಸ್ಕಾಂತ.
ರೈಲು ನಿಲ್ದಾಣದ ಬೆಂಚಿನಲ್ಲಿ ಕೂತವನು ಅಂದುಕೊಳ್ಳಿ,
ಹಾದುಹೋಗುವವರೆಲ್ಲ ಅವನ ತಲೆಯನ್ನು
ಆ ಕಡೆ ಈ ಕಡೆ ತಿರುಗಿಸಿ ಹೋಗುತ್ತಾರೆ.
ಮುಂದೆ ಬಂದವನಿಗೆ ಸಿಗುವುದು
ಹಿಂದೆ ಹೋದವನು ತಿರುಗಿಸಿಟ್ಟ ಮುಖ.
ಒಬ್ಬರನ್ನೊಬ್ಬರು ಕಾಣದವರು
ಅವನ ಮೂಲಕ ಒಬ್ಬರಿಗೊಬ್ಬರು ತೊಡರುತ್ತಾರೆ.
ತಣ್ಣಗಾದಷ್ಟೂ ತೊಡರು ಹೆಚ್ಚು.

ಜಪಾನಿನಲ್ಲಿ ಒಬ್ಬರು ಲೆಕ್ಕ ಹಾಕಿ ತೋರಿಸಿದರಂತೆ.
ಆದರೆ ಆ ಲೆಕ್ಕವನ್ನು ಅದರ ಪಾಡಿಗೆ ಬಿಟ್ಟರೆ
ಶೂನ್ಯದ ಬಳಿ ಅನಂತಕ್ಕೆ ಹೋಗುತ್ತದಂತೆ.
ಲೋಹ ಹೋಗುವುದಿಲ್ಲ.

‘ಮತ್ತೇನು ಮಾಡುತ್ತದೆ?’
‘ಸುತ್ತ ನೆರೆಯುತ್ತವೆ ಎಲೆಕ್ಟ್ರಾನುಗಳು, ಮೋಡದ ಹಾಗೆ.
ಅದು ಮೇಲೆಂದರೆ ಇವು ಕೆಳಗೆ, ಅದು ಕೆಳಗೆಂದರೆ ಇವು ಮೇಲೆ.
ಕೊನೆಗೆ ಹೊರಗಿನಿಂದ ನೋಡಿದರೆ
ಅಲ್ಲಿ ಆಯಸ್ಕಾಂತವೇ ಇರುವುದಿಲ್ಲ.’
‘ಕಬ್ಬಿಣ?’
‘ಇರುತ್ತದೆ. ಎಲ್ಲಿಗೆ ಹೋದೀತು?’

ನನಗೆ ನನ್ನ ಚಿಮಟ ನೆನಪಾಯಿತು.
ಹಡಗಿನ ಕಮ್ಮಾರನಾಗಿದ್ದ ಅಪ್ಪ
ರೈಲು ಹತ್ತಿಸುವಾಗ ಕೈಗಿಟ್ಟ ಉಕ್ಕಿನ ಚಿಮಟ.
ಆ ತಂತಿಯನ್ನು ಅದರಲ್ಲೇ ಹಿಡಿದಿದ್ದೆ.
ಹೆಸ್ಟರ್ ನಕ್ಕಳು. ಹಾಗೆ ಹಿಡಿದರೆ ಒಳಗೆ ಇಳಿಯುವುದಿಲ್ಲ,
ಕರಗಿಸುವಾಗಲೇ ಬೆರೆತಿರಬೇಕು, ಅಂದಳು.
ಇರಬಹುದು. ಆ ರಾತ್ರಿ ಅದಕ್ಕೆ ಎಣ್ಣೆ ಹಚ್ಚಿಟ್ಟೆ.

ಮರುವಾರ ಹಳೆಯ ದಾಖಲೆ ಪುಸ್ತಕ ಹುಡುಕಿ ತಂದಳು.
ಬೆರಳು ಅಂಚಿನ ಮೇಲೆ:
‘ಇದೇನು? ಸೂತ್ರವೇ? ಯಾರಿಗೂ ಓದಲಾಗುತ್ತಿಲ್ಲ.’

ಫ್ರೀಸಿಯನ್, ಅಂದೆ.
‘ಕೈ ಸರಿಯಾಗಿದೆ’ ಅಂತ.