ಕೊಸರು

ಬೆಂಕಿಪೊಟ್ಟಣದಲ್ಲಿ ತರುತ್ತಾರೆ, ಬಾಳೆಲೆ ಚೂರಿನಲ್ಲಿ ಸುತ್ತಿ.
ಮುಚ್ಚಳದ ಘೇಂಡಾಮೃಗದ ಮೇಲೆ ಹೆಸರು ಬರೆಯುವುದು ನನ್ನ ಕೆಲಸ.
ಅವಿನೊ. ಏಳನೇ ತಿಂಗಳು. ದ್ವೀಪದ ಆಚೆ ದಂಡೆಯ ಮೀನಿನವಳು.

ಗಾಜಿನ ಮೇಲೆ ಸಾಸಿವೆಯಷ್ಟು ಸವರಿ ಕಣ್ಣಿಟ್ಟೆ.
ಕೊಕ್ಕೆಹುಳುವಿನ ಮೊಟ್ಟೆ ನೋಡಲು ಚೆಂದವೇ, ಸುಳ್ಳೇಕೆ,
ತೆಳು ಸಿಪ್ಪೆ, ಒಳಗೆ ನಾಲ್ಕು ದ್ರಾಕ್ಷಿ ಒತ್ತಿ ಕೂತ ಹಾಗೆ.
ಗಂಟೆಯೊಳಗೆ ಎಣಿಸಬೇಕು, ತಡವಾದರೆ ಕಣ್ಣಿಂದ ಕರಗಿಹೋಗುತ್ತವೆ.
ಎಣಿಸಿದೆ. ನೂರು ದಾಟಿದ ಮೇಲೆ ತುಟಿ ನಿಂತಿತು,
ಹೆಬ್ಬೆರಳು ನಿಲ್ಲಲಿಲ್ಲ.

"ಮಣ್ಣು ತಿಂತೀಯಾ?"
ನಕ್ಕಳು. ಬಸುರಿಗೆ ಕೇಳುವ ಮಾತೇ ಅದು?
ಸಂತೆಯಲ್ಲಿ ಗುಡ್ಡೆ ಹಾಕಿ ಮಾರುತ್ತಾರಲ್ಲ, ಒದೋವಾ,
ಬೂದು ಬಣ್ಣದ ಮೆತ್ತನೆ ಕಲ್ಲು,
ಹಲ್ಲಿಗಿಟ್ಟರೆ ಮೊದಲ ಹನಿ ಬಿದ್ದ ನೆಲದ ವಾಸನೆ.
"ರಕ್ತ ಕಮ್ಮಿಯಾದವಳಿಗೆ ಮಣ್ಣು ಬೇಕೆನಿಸುತ್ತೆ," ಅಂದೆ,
"ಮಣ್ಣು ತಿಂದವಳಿಗೆ..."
ಮುಗಿಸಲಿಲ್ಲ. ಗಾಣದೆತ್ತಿಗೆ ದಾರಿ ಹೇಳಿ ಏನು ಫಲ.
ಮಾತ್ರೆ ಅಗಿದಳು. ಸೀಮೆಸುಣ್ಣದ ಥರ ಇದೆ ಅಂದಳು.
ಚೆನ್ನಾಗಿದೆ, ಅಂದಳು.

ಮಗು ಬಂತು ಜುಲೈ ಗಾಳಿಯಲ್ಲಿ, ಮೂರು ವಾರ ಮುಂಚೆ.
ತಕ್ಕಡಿಯ ಮುಳ್ಳು ಎರಡು ಕಿಲೋ ನೂರರಲ್ಲಿ ನಡುಗಿ ನಿಂತಿತು.
ದೋರ್ಸಿಲಾ ಸಿಸ್ಟರ್ ಬಟ್ಟೆ ಬಿಚ್ಚಿ ಇನ್ನೊಮ್ಮೆ ತೂಗಿದಳು;
ನೂರೂ ಉಳಿಯಲಿಲ್ಲ.
ಅವಿನೊ ನೋಡುತ್ತಿದ್ದಳು, ಅಂಗಡಿಯವನ ಕೈ ನೋಡುವ ಹಾಗೆ.

ಅವಳಿಗೆ ಅಳತೆ ಗೊತ್ತು. ಒಮೇನಾ ಮೀನು ಅಳೆಯುವ ತಗಡಿನ ಡಬ್ಬದ
ತಳವನ್ನು ಒಳಕ್ಕೆ ಬಡಿದವರು ಯಾರು ಯಾರು,
ಒಂದೊಂದು ಗುದ್ದಿಗೆ ಎಷ್ಟು ಹಿಡಿ ಉಳಿತಾಯ,
ಎಲ್ಲ ಬಾಯಿಪಾಠ.
"ನೀನು ಎಣಿಸಿದೆಯಲ್ಲ, ರಿಸ್ಪಾ," ಅಂದಳು,
"ನನ್ನ ಡಬ್ಬದಿಂದ ಎಷ್ಟು ತಿಂದವು?"

ಹೇಳಬಹುದಿತ್ತು: ಹುಳುವೇ ಇರಬಹುದು. ಮಲೇರಿಯಾ ಇರಬಹುದು.
ಹುಣ್ಣಿಮೆ ವಾರಗಳಲ್ಲಿ ಬಲೆ ಖಾಲಿಯಿದ್ದಾಗ
ನೀನು ಬರೀ ಚಹಾ ಕುಡಿದು ಮಲಗಿದ್ದಿರಬಹುದು.
ಮಾತ್ರೆ ತಡವಾಯಿತು; ಬೇಗ ಕೊಟ್ಟಿದ್ದರೂ ಇಷ್ಟೇ ಇತ್ತೇನೋ,
ಓದಿದವರೂ ಒಂದೇ ಮಾತು ಹೇಳುವುದಿಲ್ಲ.
ಹೇಳಿದ್ದು: "ಗೊತ್ತಿಲ್ಲ."

"ಹಾಗಾದರೆ ಕೊಸರು ಅಂದುಕೊಳ್ತೀನಿ. ಕೇಳಿದವು, ಕೊಟ್ಟೆ."
ಸ್ವಲ್ಪ ಹೊತ್ತು ಬಿಟ್ಟು:
"ಆದರೆ ಕೊಸರು, ಅಳತೆ ತುಂಬಿದ ಮೇಲಲ್ಲವಾ ಕೊಡೋದು?"

ಮಗುವನ್ನು ಬರಿ ಎದೆಗೆ ಒತ್ತಿ ಕಟ್ಟಿಕೊಂಡು
ಹತ್ತನೇ ದಿನಕ್ಕೇ ಮೀನು ಹರಡಲು ಹೋದಳು,
ಕಾಲಲ್ಲಿ ಗಂಡನ ದೊಡ್ಡ ರಬ್ಬರ್ ಚಪ್ಪಲಿ,
ಮರಳಿನುದ್ದಕ್ಕೂ ಚಟ್, ಪಟ್.

ಈಗ ಸಂಜೆ. ಸರೋವರದ ಮೇಲೆ ಮೀನುದೀಪಗಳು ಹೊತ್ತುತ್ತಿವೆ.
ನನ್ನ ಬಿಳಿ ಕೋಟಿನ ಜೇಬಿನಲ್ಲಿ ಒದೋವಾದ ಒಂದು ತುಂಡು,
ಮೂಲೆ ನೆಕ್ಕಿ ನುಣುಪಾದದ್ದು.
ಮೂರು ತಿಂಗಳು. ಯಾರಿಗೂ ಹೇಳಿಲ್ಲ.
ಮೇಜಿನ ಮೇಲೊಂದು ಬೆಂಕಿಪೊಟ್ಟಣ ಇದೆ,
ಘೇಂಡಾಮೃಗದ ಮೇಲೆ
ಇನ್ನೂ ಹೆಸರು ಬರೆಯದ್ದು.